ದಿನಕ್ಕೆ ಹತ್ತು ಸಲ ಹೊಟ್ಟೆ ಕಲ್ಲಾಗುತ್ತದೆ, ಏನು ಮಾಡೋದು?

ನೀವು ಕೇಳಿದ್ದು ಇಷ್ಟು. ಮೊದಲ ಬಸಿರು, 31 ವಾರ ನಡೀತಿದೆ. ದಿನಕ್ಕೆ ಹತ್ತು-ಹದಿನೈದು ಸಲ ಹೊಟ್ಟೆ ಬಿಗಿದು ಕಲ್ಲಿನ ಹಾಗೆ ಆಗುತ್ತದೆ. ಡಾಕ್ಟರ್ ನೋಡಿ, ಇದು ಬ್ರಾಕ್ಸ್ಟನ್ ಹಿಕ್ಸ್, ಸುಳ್ಳು ನೋವು, ಹೆದರಬೇಡಿ ಅಂದಿದ್ದಾರೆ. ಆದರೂ ರಾತ್ರಿ ನಿದ್ದೆ ಇಲ್ಲ. ಮನೆ ಕುಮಟಾ ಹತ್ತಿರ, ತವರು ಶಿರಸಿ ಕಡೆ. ಇದನ್ನು ಸಂಭಾಳಿಸೋದು ಹೇಗೆ, ಈ ಸ್ಥಿತಿಯಲ್ಲಿ ಘಟ್ಟ ಹತ್ತಬಹುದಾ, ಕೊನೆಗೆ ಒಂದು ಸಣ್ಣ ಪ್ರಶ್ನೆ: ಮುರುಗಲ (ಪುನರ್ಪುಳಿ, ಕೋಕಂ) ಹಣ್ಣಿನ ಪಾನಕ ಕುಡೀಬಹುದಾ?

ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಊರು, ತವರು, ವಾರ ಎಲ್ಲ ನನ್ನದೇ. 2023ರ ಮೇ ತಿಂಗಳಲ್ಲಿ ನಾನೂ ಕುಮಟಾ ಹತ್ತಿರದ ಗಂಡನ ಮನೆಯಲ್ಲಿ ಹೀಗೇ ಹೊಟ್ಟೆ ಹಿಡಿದುಕೊಂಡು ಕೂತಿದ್ದೆ. ನಾನು ಡಾಕ್ಟರ್ ಅಲ್ಲ. ಒಂದು ಮಗು ಹೆತ್ತವಳು, ಅದಕ್ಕೂ ಮೊದಲು ಎರಡು ಸಲ ಆಸ್ಪತ್ರೆಗೆ ಓಡಿ ವಾಪಸ್ ಬಂದವಳು. ಅಷ್ಟೇ ನನ್ನ ಅರ್ಹತೆ.

ನನಗೆ ಮೊದಲ ಸಲ ಆದದ್ದು ಅಂಗಳದಲ್ಲಿ. ಮುರುಗಲ ಹಣ್ಣಿನ ಕಾಲ. ಅತ್ತೆ ಬುಟ್ಟಿಗಟ್ಟಲೆ ಹಣ್ಣು ತಂದು ಸುರಿದಿದ್ದರು. ಇಬ್ಬರೂ ಕೂತು ಹಣ್ಣು ಒಡೆದು, ಬೀಜ ತೆಗೆದು, ಸಿಪ್ಪೆ ಬಿಸಿಲಿಗೆ ಹರಡುತ್ತಿದ್ದೆವು. ಇನ್ನೊಂದು ಬುಟ್ಟಿ ಎಳೆದುಕೊಳ್ಳೋಣ ಅಂತ ಎದ್ದೆ ನೋಡಿ, ಹೊಟ್ಟೆ ಒಂದೇ ಸಲಕ್ಕೆ ಬಿಗಿಯಿತು. ನೋವು ಅನ್ನೋ ಹಾಗಿರಲಿಲ್ಲ. ಒಳಗಿಂದ ಯಾರೋ ಮುಷ್ಟಿ ಕಟ್ಟಿದ ಹಾಗೆ. ಬಲಗಡೆ ಉಬ್ಬಿ, ಎಡಗಡೆ ಚಪ್ಪಟೆಯಾಗಿ ಹೊಟ್ಟೆಯ ಆಕಾರವೇ ಸೊಟ್ಟ. ಬೆರಳಲ್ಲಿ ಒತ್ತಿದರೆ ತಗ್ಗುತ್ತಿರಲಿಲ್ಲ. ಹಾಗೇ ಕೆಳಗೆ ನೋಡಿದರೆ ನೈಟಿಯ ಮೇಲೆ ಕೆಂಪು ಕಲೆ. ರಕ್ತ ಅಂದುಕೊಂಡು ಕಿರುಚಿದೆ. ಪಕ್ಕದ ಮನೆಯವರೂ ಬೇಲಿ ಹತ್ತಿರ ಬಂದರು. ನೋಡಿದರೆ ಮುರುಗಲ ರಸ, ನನ್ನದೇ ಕೈಯದು.

ಅತ್ತೆ "ಎಂತಾ ಆತೇ?" ಅಂತ ಹೊಟ್ಟೆ ಮೇಲೆ ಅಂಗೈ ಇಟ್ಟು ನಿಂತರು. ಒಂದು ನಿಮಿಷದಲ್ಲಿ ತಾನಾಗಿ ಸಡಿಲ ಆಯಿತು. ಅವರು ಕೇಳಿದ ಮೊದಲ ಪ್ರಶ್ನೆ: "ಬೆಳಗಿಂದ ನೀರ್ ಕುಡದ್ಯನೇ?" ಕುಡಿದಿರಲಿಲ್ಲ. ಒಂದು ಲೋಟ ಚಾ, ಅಷ್ಟೇ. ಮುಂದೆ ನಾನು ನೋಡಿದ ಇಬ್ಬರು ಡಾಕ್ಟರೂ ಇದೇ ಪ್ರಶ್ನೆ ಕೇಳಿದರು.

ಸುಳ್ಳು ನೋವು ಅನ್ನೋ ಹೆಸರು ನನಗೆ ಇಷ್ಟ ಇಲ್ಲ. ಹೊಟ್ಟೆ ಬಿಗಿಯೋದು ಸುಳ್ಳಲ್ಲ, ನಿಜವಾಗಿಯೇ ಬಿಗಿಯುತ್ತದೆ. ಗರ್ಭಕೋಶದ ಗೋಡೆ ಬಹುಪಾಲು ಸ್ನಾಯುವೇ. ಅದು ಆಗಾಗ ಬಿಗಿದು ಸಡಿಲ ಆಗುತ್ತಿರುತ್ತದೆ. ನಮಗೆ ಗೊತ್ತಾಗೋದು ಐದಾರು ತಿಂಗಳು ಕಳೆದ ಮೇಲೆ, ಜಾಸ್ತಿ ಆಗೋದು ಏಳು ದಾಟಿದ ಮೇಲೆ. ಜಾನ್ ಬ್ರಾಕ್ಸ್ಟನ್ ಹಿಕ್ಸ್ ಅನ್ನೋ ಇಂಗ್ಲೆಂಡಿನ ಡಾಕ್ಟರ್ 1872ರಲ್ಲಿ ಇದನ್ನು ವಿವರಿಸಿದ, ಅವನ ಹೆಸರೇ ನಿಂತಿತು. ಹೊಟ್ಟೆ ನಮ್ಮದು, ಹೆಸರು ಅವನದು! ಇರಲಿ. ಹೆರಿಗೆ ನೋವಿಗೂ ಇದಕ್ಕೂ ಇರುವ ಅಸಲಿ ವ್ಯತ್ಯಾಸ ಒಂದೇ. ಇದು ಗರ್ಭಕೋಶದ ಬಾಯಿಯನ್ನು ತೆರೆಯೋದಿಲ್ಲ. ಆದರೆ ಬಾಯಿ ತೆರೆದಿದೆಯೋ ಇಲ್ಲವೋ ಅಂತ ಮನೆಯಲ್ಲಿ ಕೂತು ನಮಗೆ ಹೇಗೆ ಗೊತ್ತಾಗಬೇಕು? ಪೇಚಾಟ ಇರೋದೇ ಅಲ್ಲಿ.

ಹಾಗಾಗಿ ನನ್ನನ್ನು ಸುಸ್ತು ಮಾಡಿದ್ದು ಬಿಗಿತ ಅಲ್ಲ. ಪ್ರತಿ ಸಲವೂ "ಇದು ಅದೋ, ಇದೋ" ಅಂತ ತೀರ್ಮಾನ ಮಾಡಬೇಕಲ್ಲ, ಅದು. ದಿನಕ್ಕೆ ಹದಿನೈದು ಸಲ ಹೊಟ್ಟೆ ಬಿಗಿದರೆ ಹದಿನೈದು ಸಲ ವಿಚಾರಣೆ. ನಿಮ್ಮ ನಿದ್ದೆ ಹೋದದ್ದೂ ಇದರಿಂದಲೇ ಇರಬೇಕು.

ಅದಕ್ಕೆ ನಾನು ಮಾಡಿದ ಒಂದು ಕೆಲಸ: ಎಣಿಸಿ ಬರೆಯೋಕೆ ಶುರು ಮಾಡಿದೆ. ಗೋಡೆಯ ಮೊಳೆಗೆ ನೇತು ಹಾಕಿದ್ದ ಬಗ್ಗೋಣ ಪಂಚಾಂಗದ ಹಿಂಬದಿಯಲ್ಲಿ ಪೆನ್ಸಿಲ್ ಗೀಟು. ಎರಡನೇ ದಿನವೇ ಅತ್ತೆ ಹಿಡಿದರು, ಪಂಚಾಂಗದ ಮೇಲೆ ಗೀಟು ಎಳೆಯೋದಾ ಅಂತ. ಆಮೇಲೆ ಹಳೇ ಶಾಲೆ ಪಟ್ಟಿಗೆ (ನೋಟ್‌ಬುಕ್ಕಿಗೆ) ವರ್ಗಾವಣೆ ಆಯಿತು. ಶುರುವಾದ ಹೊತ್ತು, ಬಿಟ್ಟ ಹೊತ್ತು, ಆಗ ಏನು ಮಾಡ್ತಿದ್ದೆ. ಒಂದರ ಶುರುವಿನಿಂದ ಮುಂದಿನದರ ಶುರುವರೆಗೆ ಎಷ್ಟು ನಿಮಿಷ ಅಂತ ಲೆಕ್ಕ ಹಾಕಬೇಕು. ಬಿಟ್ಟ ಮೇಲಿಂದ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಒಂದು ವಾರದ ಪುಟ ನೋಡಿದಾಗ ನನಗೇ ಆಶ್ಚರ್ಯ. ಅರ್ಧಕ್ಕರ್ಧ ಗೀಟು ಮಧ್ಯಾಹ್ನ ಮೂರರಿಂದ ಆರರ ಒಳಗೆ. ಕರೆಂಟ್ ಹೋಗಿ ಫ್ಯಾನ್ ನಿಂತ ದಿನ ಇನ್ನೂ ಜಾಸ್ತಿ. ನಮ್ಮ ಕರಾವಳಿಯ ಮೇ ತಿಂಗಳ ಸೆಕೆ ನಿಮಗೆ ಹೇಳಬೇಕಾಗಿಲ್ಲ. ಸುಮ್ನೆ ಕೂತರೂ ಬೆನ್ನಲ್ಲಿ ಬೆವರು ಇಳೀತಿರುತ್ತದೆ. ಮೈಯಲ್ಲಿ ನೀರು ಕಮ್ಮಿ ಆದರೆ ಗರ್ಭಕೋಶ ಬೇಗ ಕೆರಳುತ್ತದೆ. ಇನ್ನೊಂದು ಗುಂಪು ಗೀಟು ಬೆಳಗಿನ ಜಾವದಲ್ಲಿ. ಅದಕ್ಕೆ ಕಾರಣ ತುಂಬಿದ ಮೂತ್ರಕೋಶ. ಏಳೋಕೆ ಸೋಮಾರಿತನ, ಕತ್ತಲೆಯಲ್ಲಿ ಹಿತ್ತಿಲ ಬಾಗಿಲು ತೆಗೆಯೋಕೆ ಬೇಜಾರು, ತಡೆದುಕೊಂಡು ಮಲಗಿರುತ್ತಿದ್ದೆ. ಎದ್ದು ಹೋಗಿ ಬಂದರೆ ಹತ್ತು ನಿಮಿಷದಲ್ಲಿ ಹೊಟ್ಟೆ ಮೆತ್ತಗೆ.

ಉಳಿದವು ಚಿಲ್ಲರೆ ಕಾರಣಗಳು. ಕೊಡಪಾನ ಎತ್ತಿದ್ದು, ಮಗು ಜೋರಾಗಿ ಒದ್ದದ್ದು, ಮದುವೆ ಮನೆಯಲ್ಲಿ ಮೂರು ತಾಸು ನಿಂತದ್ದು, ಗಂಡ ಹೆಂಡತಿ ಸೇರಿದ ರಾತ್ರಿ. ಕೊನೆಯದನ್ನು ಯಾರೂ ಹೇಳೋದಿಲ್ಲ, ಅದಕ್ಕೇ ಬರೆದೆ. ಡಾಕ್ಟರ್ ಬೇಡ ಅನ್ನದಿದ್ದರೆ ತಪ್ಪೇನಿಲ್ಲ, ಆಮೇಲೆ ಸ್ವಲ್ಪ ಹೊತ್ತು ಹೊಟ್ಟೆ ಬಿಗಿಯಬಹುದು ಅಷ್ಟೇ.

ಇನ್ನು ನೀವು ಇವತ್ತೇ ಮಾಡಬಹುದಾದದ್ದು. ಹೊಟ್ಟೆ ಬಿಗಿಯೋಕೆ ಶುರುವಾದ ಕೂಡಲೇ ಮಾಡ್ತಿದ್ದ ಕೆಲಸ ಬದಲಿಸಿ. ನಿಂತಿದ್ದರೆ ಮಲಗಿ, ಮಲಗಿದ್ದರೆ ಎದ್ದು ಹಜಾರದಲ್ಲಿ ನಾಲ್ಕು ಹೆಜ್ಜೆ ನಡೆಯಿರಿ. ಮೂತ್ರಕ್ಕೆ ಹೋಗಿ ಬನ್ನಿ. ಎರಡು ಲೋಟ ನೀರು ನಿಧಾನವಾಗಿ ಕುಡಿಯಿರಿ. ಎಡಮಗ್ಗುಲಾಗಿ, ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಂಡು ಮಲಗಿ. ಉಗುರುಬೆಚ್ಚಗಿನ ನೀರಿನ ಸ್ನಾನವೂ ಹಿತ. ಆದರೆ ನಮ್ಮ ಬಚ್ಚಲ ಹಂಡೆಯ ಕುದಿಯೋ ನೀರು ಬೇಡ. ಬಿಗಿತ ಇರುವಾಗ ಉದ್ದಕ್ಕೆ ಉಸಿರು ಬಿಡುತ್ತಾ ಇರಿ. ಮುಂದೆ ಅಸಲಿ ನೋವಿಗೆ ಬೇಕಾಗೋದು ಈ ಉಸಿರೇ. ನನಗೆ ಹದಿನೈದು ಸಲದ್ದು ಆರೇಳಕ್ಕೆ ಇಳಿದದ್ದು ನೀರಿನಿಂದ. ಲೀಟರ್ ಬಾಟಲಿ ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಂಡು ದಿನಕ್ಕೆ ಎರಡೂವರೆ ಖಾಲಿ ಮಾಡ್ತಿದ್ದೆ. ಅದರ ಮೇಲೆ ಗಂಜಿ ತಿಳಿ, ಮಜ್ಜಿಗೆ, ಎಳನೀರು.

ಮಾಡಬಾರದ್ದೂ ಇದೆ. ಹೊಟ್ಟೆ ಬಿಗಿದಾಗ ಎಣ್ಣೆ ಹಚ್ಚಿ ತಿಕ್ಕೋಕೆ ಯಾರಾದರೂ ಬರುತ್ತಾರೆ, ಪ್ರೀತಿಯಿಂದಲೇ. ಹೊಟ್ಟೆಯನ್ನು ತಿಕ್ಕಿದಷ್ಟೂ ಬಿಗಿತ ಜಾಸ್ತಿ ಆಗಬಹುದು. ಸೊಂಟಕ್ಕೆ ಹಚ್ಚಿ ಅನ್ನಿ. ಹರಳೆಣ್ಣೆ ಕುಡಿಸೋಕೆ ಬಂದರೆ ಮಾತ್ರ ಖಡಾಖಂಡಿತ ಬೇಡ ಅನ್ನಿ, ಅದು ನೋವು ಬರಿಸೋಕೆ ಕೊಡ್ತಿದ್ದದ್ದು. ಮನೆಯಲ್ಲಿ ಬಿದ್ದಿರೋ ಬ್ರುಫೆನ್ ತರದ ನೋವಿನ ಮಾತ್ರೆಯೂ ಬೇಡ, 20 ವಾರ ದಾಟಿದ ಮೇಲೆ ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಆಗಬಹುದು. ಜೀರಿಗೆ ಕಷಾಯ ಕುಡಿಯಿರಿ, ಗ್ಯಾಸ್‌ಗೆ ಒಳ್ಳೆಯದು. ನನ್ನ ಅರ್ಧ ಹೆದರಿಕೆ ಗ್ಯಾಸ್ ಆಗಿತ್ತು ಅಂತ ಈಗ ಅನ್ನಿಸುತ್ತದೆ.

ಈಗ ಯಾವಾಗ ಹೊರಡೋದು. ನನ್ನ ಡಾಕ್ಟರ್ ಹತ್ತಿರ ನಾನು "ಹೆದರಬೇಡಿ" ಅನ್ನೋ ಉತ್ತರ ಬಿಟ್ಟು ಒಂದು ಸಂಖ್ಯೆ ಕೇಳಿದೆ. ಅವರು ಕೊಟ್ಟದ್ದು ಹೀಗೆ. ನೀರು ಕುಡಿದು, ಮೂತ್ರ ಮಾಡಿ, ಒಂದು ಗಂಟೆ ಎಡಮಗ್ಗುಲಾಗಿ ಮಲಗಿ. ಆ ಒಂದು ಗಂಟೆಯಲ್ಲಿ ನಾಲ್ಕು ಸಲ ಬಿಗಿದರೆ ಫೋನ್ ಮಾಡಿ. ಆರು ಸಲ ಆದರೆ ಫೋನ್ ಕೂಡ ಬೇಡ, ನೇರ ಬನ್ನಿ. 37 ವಾರ ತುಂಬೋವರೆಗೆ ಇದೇ ನಿಯಮ. ನಿಮ್ಮ ಡಾಕ್ಟರ್ ಬೇರೆ ಸಂಖ್ಯೆ ಹೇಳಬಹುದು. ಕೇಳಿ, ಬರೆದು ಗೋಡೆಗೆ ಅಂಟಿಸಿ. ನನಗೆ ನಿದ್ದೆ ವಾಪಸ್ ಬಂದದ್ದು ಆ ಚೀಟಿಯಿಂದ. ತೀರ್ಮಾನ ಮಾಡೋ ಕೆಲಸ ನನ್ನ ತಲೆಯಿಂದ ಗೋಡೆಗೆ ಹೋಯಿತು.

ಕೆಲವಕ್ಕೆ ಒಂದು ಗಂಟೆ ಕಾಯೋದೇ ಬೇಡ. ರಕ್ತ ಕಂಡರೆ (ಮುರುಗಲ ರಸ ಅಲ್ಲದ್ದು), ನೀರು ಸೋರಿದರೆ, ಹೊಟ್ಟೆ ಕಲ್ಲಾದದ್ದು ಸಡಿಲವೇ ಆಗದೆ ನೋಯುತ್ತಿದ್ದರೆ, ಮಗುವಿನ ಓಡಾಟ ಕಮ್ಮಿ ಅನ್ನಿಸಿದರೆ, ಜ್ವರ ಇದ್ದರೆ, ಸೊಂಟದಲ್ಲಿ ನೋವು ಅಲೆ ಅಲೆಯಾಗಿ ಬಂದು ಹೋಗ್ತಿದ್ದರೆ. ತಕ್ಷಣ ಹೊರಡಿ. ಗಾಡಿ ಇಲ್ಲದಿದ್ದರೆ 108. ತಾಯಿ ಕಾರ್ಡ್ ಕೈಯಲ್ಲೇ ಇರಲಿ.

ನನ್ನ ಮೊದಲ ಓಟ 33ನೇ ವಾರದಲ್ಲಿ. ರಾತ್ರಿ ಹನ್ನೊಂದಕ್ಕೆ ಗಂಟೆಗೆ ಆರು ಆಗಿತ್ತು. ಆಸ್ಪತ್ರೆಯಲ್ಲಿ ಹೊಟ್ಟೆಗೆ ಎರಡು ಬೆಲ್ಟ್ ಕಟ್ಟಿದರು, ಒಂದು ಮಗುವಿನ ಎದೆಬಡಿತಕ್ಕೆ, ಇನ್ನೊಂದು ಬಿಗಿತ ನೋಡೋಕೆ. ಅರ್ಧ ಗಂಟೆ ಕಾಗದದ ಮೇಲೆ ಎರಡು ಗೆರೆ ಓಡುತ್ತಿದ್ದವು. ಪಕ್ಕದಲ್ಲಿ ಕೂತ ಹಿರಿಯ ಸಿಸ್ಟರ್ ಒಂದು ಚಂದದ ವಿಷಯ ಕಲಿಸಿದರು. ಹೊಟ್ಟೆ ಮುಟ್ಟಿ, ಆಮೇಲೆ ನಿಮ್ಮ ಮುಖ ಮುಟ್ಟಿ ನೋಡಿ. ಮೂಗಿನ ತುದಿಯಷ್ಟು ಗಟ್ಟಿ ಇದ್ದರೆ ಹಗುರ, ಗದ್ದದಷ್ಟಿದ್ದರೆ ಮಧ್ಯಮ, ಹಣೆಯಷ್ಟಿದ್ದರೆ ಜೋರು. ನನ್ನದು ಗದ್ದ. ಒಳಗಿನ ಪರೀಕ್ಷೆ ಮಾಡಿದರು, ಬಾಯಿ ಮುಚ್ಚಿಯೇ ಇತ್ತು. ಮೂತ್ರ ಪರೀಕ್ಷೆಯಲ್ಲಿ ಮಾತ್ರ ಇನ್ಫೆಕ್ಷನ್ ಸಿಕ್ಕಿತು. ಉರಿ ಇರಲಿಲ್ಲ, ಜ್ವರ ಇರಲಿಲ್ಲ. ಬಸುರಿಯರಲ್ಲಿ ಮೂತ್ರದ ಇನ್ಫೆಕ್ಷನ್ ಹೀಗೆ ಸದ್ದಿಲ್ಲದೆ ಇರಬಹುದಂತೆ. ಬಿಗಿತವನ್ನೂ ಜಾಸ್ತಿ ಮಾಡುತ್ತದೆ, ಹಾಗೇ ಬಿಟ್ಟರೆ ನಿಜವಾದ ನೋವನ್ನೂ ಬೇಗ ತರಬಹುದು. ಏಳು ದಿನ ಮಾತ್ರೆ ನುಂಗಿದೆ. ಗೀಟುಗಳು ಅರ್ಧಕ್ಕೆ ಇಳಿದವು. ನಿಮಗೆ ಹತ್ತು-ಹದಿನೈದು ಸಲ ಆಗ್ತಿದೆ ಅಂದ್ರೆ, ಮೂತ್ರ ಪರೀಕ್ಷೆ ಮಾಡಿಸಿದ್ದೀರಾ? ಇಲ್ಲದಿದ್ದರೆ ಈ ವಾರವೇ ಮಾಡಿಸಿ.

ಬೇಗ ಹೋಗೋದರಲ್ಲಿ ಇನ್ನೊಂದು ಲಾಭ ಇದೆ. 34 ವಾರಕ್ಕೆ ಮೊದಲು ಅಸಲಿ ನೋವೇ ಶುರುವಾಗಿದ್ದರೆ, ಮಗುವಿನ ಶ್ವಾಸಕೋಶ ಬಲಿಯೋಕೆ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಅದು ಚೆನ್ನಾಗಿ ಹಿಡಿಯೋಕೆ ಒಂದೆರಡು ದಿನ ಬೇಕು. ನೋವು ಮುಂದೂಡುವ ಔಷಧಿ ಕೊಡೋದೂ ಆ ಎರಡು ದಿನ ಗಿಟ್ಟಿಸೋಕೇ. ಇಷ್ಟು ಗೊತ್ತಾದ ಮೇಲೆ "ನಾಳೆ ಬೆಳಗ್ಗೆ ನೋಡೋಣ" ಅನ್ನೋ ಮಾತು ನಮ್ಮ ಮನೆಯಲ್ಲಿ ನಿಂತಿತು.

ಘಟ್ಟದ ಪ್ರಶ್ನೆ. ಕುಮಟಾದಿಂದ ಶಿರಸಿ ಸುಮಾರು 60 ಕಿಲೋಮೀಟರ್. ಆದರೆ ದೇವಿಮನೆ ಘಟ್ಟದಲ್ಲಿ ಕಿಲೋಮೀಟರ್ ಲೆಕ್ಕಕ್ಕೆ ಬರೋದಿಲ್ಲ. ತಿರುವಿನ ಮೇಲೆ ತಿರುವು, ಎದುರಿಗೆ ಲಾರಿ ಬಂದರೆ ಗಾಡಿ ಹಿಂದಕ್ಕೆ ಮುಂದಕ್ಕೆ. ಗಾಡಿ ಕುಲುಕಿದ ಮಾತ್ರಕ್ಕೆ ಹೆರಿಗೆ ಆಗೋದಿಲ್ಲ, ಆ ಹೆದರಿಕೆ ಬೇಡ. ನನ್ನ ಹೆದರಿಕೆ ಬೇರೆ: ಘಟ್ಟದ ಮಧ್ಯೆ ಏನಾದರೂ ಶುರುವಾದರೆ ಎರಡೂ ಕಡೆ ಆಸ್ಪತ್ರೆ ದೂರ. ಮೇಲಿಂದ ಮಳೆಗಾಲ. ಗುಡ್ಡ ಯಾವಾಗ ಜಾರುತ್ತದೆ ಹೇಳೋಕಾಗೋದಿಲ್ಲ. 2024ರ ಜುಲೈಯಲ್ಲಿ ಅಂಕೋಲಾ ಹತ್ತಿರ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿತ್ತಲ್ಲ, ಆ ದಿನಗಳಲ್ಲಿ ತುಂಬಿದ ಬಸುರಿಯರು ಏನು ಮಾಡಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಬೇಕು ಅಂತ ನಮ್ಮವರು ಕೇಳ್ತಾ ಬಂದಿರೋದು ಸುಮ್ನೆ ಅಲ್ಲ.

ನಾನು ಹೋದದ್ದು ಜೂನ್ ಮೊದಲ ವಾರ, 35 ವಾರ ಆದಾಗ, ಮಳೆ ಹಿಡಿಯೋ ಮೊದಲು. ಹಗಲಲ್ಲಿ, ಮೂರು ಕಡೆ ನಿಲ್ಲಿಸಿ, ಡಾಕ್ಟರ್ ಪರೀಕ್ಷೆ ಮಾಡಿ ಹೂಂ ಅಂದ ಮೇಲೆ. ಹೋಗೋ ಮೊದಲೇ ಶಿರಸಿಯ ಡಾಕ್ಟರ್ ಹತ್ತಿರ ಒಂದು ಸಲ ತೋರಿಸಿ, ರಿಪೋರ್ಟ್ ಎಲ್ಲ ಜೆರಾಕ್ಸ್ ಕೊಟ್ಟಿದ್ದೆ. ನೀವು ಹೋಗೋದಾದರೆ ಈಗಲೇ ಮಾತಾಡಿ, 38 ವಾರಕ್ಕೆ ಇಟ್ಟುಕೊಳ್ಳಬೇಡಿ. ಹೋಗೋಕೆ ಮನಸ್ಸಿಲ್ಲದಿದ್ದರೆ ಗಂಡನ ಮನೆಯಲ್ಲೇ ಇದ್ದು ಅಲ್ಲಿನ ಆಸ್ಪತ್ರೆಯಲ್ಲೇ ಹೆರಿ, ಆಯಿಯನ್ನು (ಅಮ್ಮನನ್ನು) ಘಟ್ಟದ ಕೆಳಗೆ ಕರೆಸಿಕೊಳ್ಳಿ. ತವರಲ್ಲೇ ಆಗಬೇಕು ಅನ್ನೋದು ನಾವು ಮಾಡಿಕೊಂಡ ಪದ್ಧತಿ.

ಎರಡನೇ ಓಟ 38ನೇ ವಾರದಲ್ಲಿ, ತವರಿಂದ. ನಮ್ಮ ಮನೆ ಪೇಟೆಯಿಂದ 18 ಕಿಲೋಮೀಟರ್ ಒಳಗೆ, ತೋಟದ ಮಧ್ಯೆ. ಎಂಟು ನಿಮಿಷಕ್ಕೊಂದು ಬರ್ತಿತ್ತು, ಹೋದೆವು. ಆಸ್ಪತ್ರೆ ಬೆಂಚಿನ ಮೇಲೆ ಕೂತ ಕೂಡಲೇ ಎಲ್ಲ ಮಾಯ. ಡ್ಯೂಟಿಯಲ್ಲಿದ್ದ ಒಬ್ಬರು "ಸಣ್ಣದಕ್ಕೆಲ್ಲ ಓಡಿ ಬರ್ತೀರಿ, ನೋವು ಅಂದ್ರೆ ಏನು ಅಂತ ಗೊತ್ತಾಗುತ್ತೆ ತಡೀರಿ" ಅಂದರು. ಅಷ್ಟೇ ಮಾತು. ನಾನು ವಾಪಸ್ ಬರುವಾಗ ಗಾಡಿಯಲ್ಲಿ ಅತ್ತುಬಿಟ್ಟೆ. ಆಯಿ ಏನೂ ಅನ್ನಲಿಲ್ಲ, ಸೆರಗಿನಿಂದ ಮುಖ ಒರೆಸಿದಳು.

ಆ ಒಂದು ಮಾತಿನಿಂದ ಆದ ತೊಂದರೆ ನೋಡಿ. ಹತ್ತು ದಿನ ಬಿಟ್ಟು ಅಸಲಿ ನೋವು ಬಂದಾಗ ನಾನು ಎರಡು ತಾಸು ಯಾರಿಗೂ ಹೇಳಲೇ ಇಲ್ಲ. ಜುಲೈ ಮಳೆ, ಹೆಂಚಿನ ಮೇಲೆ ಮಳೆಯ ಸದ್ದು ಬಿಟ್ಟರೆ ಬೇರೆ ಕೇಳ್ತಿರಲಿಲ್ಲ, ಕರೆಂಟ್ ಸಂಜೆಯೇ ಹೋಗಿತ್ತು. ರಾತ್ರಿ ಎರಡು ಗಂಟೆ. ನೋವು ಈ ಸಲ ಹೊಟ್ಟೆಯಲ್ಲಿ ಶುರುವಾಗಲಿಲ್ಲ. ಸೊಂಟದ ಹಿಂದೆ ಹುಟ್ಟಿ ಸುತ್ತಿಕೊಂಡು ಮುಂದೆ ಬರ್ತಿತ್ತು. ನೀರು ಕುಡಿದೆ, ಹೋಗಲಿಲ್ಲ. ಮಗ್ಗುಲು ಬದಲಿಸಿದೆ, ಹೋಗಲಿಲ್ಲ. ಎದ್ದು ನಡೆದರೆ ಇನ್ನೂ ಜೋರು. ಮೊಬೈಲ್ ಬೆಳಕಲ್ಲಿ ಪಟ್ಟಿ ತೆಗೆದು ಬರೆದೆ: ಹನ್ನೆರಡು ನಿಮಿಷ, ಹನ್ನೊಂದು, ಹತ್ತು, ಹತ್ತು, ಎಂಟು. ಎರಡು ತಿಂಗಳ ಗೀಟುಗಳಲ್ಲಿ ಒಂದು ದಿನವೂ ಹೀಗೆ ಇಳಿಯುತ್ತಾ ಹೋಗಿರಲಿಲ್ಲ. ಸುಳ್ಳು ನೋವಿನ ಪುಟದಲ್ಲಿ ಆರು, ಇಪ್ಪತ್ತು, ಒಂಬತ್ತು, ನಲವತ್ತು ಅಂತ ಚೆಲ್ಲಾಪಿಲ್ಲಿ ಇರುತ್ತದೆ. ಹಣೆ ಮುಟ್ಟಿದೆ, ಹೊಟ್ಟೆ ಮುಟ್ಟಿದೆ. ಎರಡೂ ಒಂದೇ.

ಆಯಿಯನ್ನು ಎಬ್ಬಿಸಿ "ಮತ್ತೆ ವಾಪಸ್ ಕಳಿಸಿದರೆ?" ಅಂದೆ. "ಬೈದ್ರೆ ಬೈಲಿ, ನಡಿ" ಅಂದಳು, ಅಷ್ಟರಲ್ಲೇ ಬ್ಯಾಗ್ ಅವಳ ಕೈಯಲ್ಲಿತ್ತು. ಪಕ್ಕದ ಮನೆಯ ಓಮ್ನಿ. ಹಳ್ಳದ ಹತ್ತಿರ ನೀರು ರಸ್ತೆಗೆ ಬಂದಿತ್ತು, ಇಳಿದು ನೋಡಿ ದಾಟಿಸಿದರು. ಆಸ್ಪತ್ರೆ ಮುಟ್ಟುವಾಗ ಐದು ನಿಮಿಷಕ್ಕೊಂದು, ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿತ್ತು. ಮಧ್ಯಾಹ್ನದ ಹೊತ್ತಿಗೆ ಮಗಳು.

ಐದು ನಿಮಿಷಕ್ಕೊಂದು ನೋವು, ಒಂದೊಂದೂ ಒಂದು ನಿಮಿಷ, ಹೀಗೆ ಒಂದು ಗಂಟೆ ಆದ ಮೇಲೆ ಹೊರಡಿ ಅಂತ ಎಲ್ಲ ಕಡೆ ಬರೆದಿರುತ್ತದೆ, ಚೊಚ್ಚಲ ಹೆರಿಗೆಗೆ. ಅದು ಆಸ್ಪತ್ರೆ ಹತ್ತಿರ ಇರುವವರಿಗೆ ಸರಿ. ನಮ್ಮ ಹಾಗೆ ಹಳ್ಳ, ಘಟ್ಟ, ಒಂದೇ ಗಾಡಿ ಇರುವ ಕಡೆ ಹತ್ತು ನಿಮಿಷಕ್ಕೊಂದು ಅನ್ನುವಾಗಲೇ ಹೊರಡಬೇಕು. ನನ್ನ ಡಾಕ್ಟರೂ ಆಮೇಲೆ ಅದನ್ನೇ ಹೇಳಿದರು, ಮೊದಲೇ ಯಾಕೆ ಕೇಳಲಿಲ್ಲ ಅಂತ. ನೀವು ಕೇಳಿ. ಮನೆಯಿಂದ ಆಸ್ಪತ್ರೆಗೆ ಎಷ್ಟು ಹೊತ್ತು, ಮಳೆಯಲ್ಲಿ ಎಷ್ಟು ಅಂತ ಅವರಿಗೆ ಹೇಳಿಯೇ ಕೇಳಿ. ರಾತ್ರಿ ಗಾಡಿ ತರುವ ಇಬ್ಬರ ನಂಬರ್ ಇಟ್ಟುಕೊಳ್ಳಿ, ಒಬ್ಬರದ್ದು ಸಾಲದು. ಆಶಾ ಕಾರ್ಯಕರ್ತೆಗೆ ನಿಮ್ಮ ವಾರ, ತಾರೀಕು ಗೊತ್ತಿರಲಿ.

ಗಂಡನಿಗೂ ಒಂದು ಕೆಲಸ ಕೊಡಿ. ನಮ್ಮವರಿಗೆ ಗಡಿಯಾರದ ಕೆಲಸ ಕೊಟ್ಟಿದ್ದೆ. "ಶುರು" ಅಂದರೆ ಬರೆಯೋದು, "ಬಿಟ್ತು" ಅಂದರೆ ಬರೆಯೋದು. ಮೊದಲೆಲ್ಲ ಹೊಟ್ಟೆ ಬಿಗಿದಾಗಲೆಲ್ಲ ಗಾಬರಿಯಾಗಿ ಎದ್ದು ನಿಲ್ಲುತ್ತಿದ್ದರು. ಪೆನ್ಸಿಲ್ ಕೈಗೆ ಬಂದ ಮೇಲೆ ಸುಮ್ಮನಾದರು.

ಮುರುಗಲ ಪಾನಕ ಧಾರಾಳ ಕುಡಿಯಿರಿ. ನಾನು ದಿನಾ ಎರಡು ಲೋಟ ಕುಡೀತಿದ್ದೆ, ಮಧ್ಯಾಹ್ನ ಮೂರಕ್ಕೆ ಒಂದು, ಸಂಜೆ ಒಂದು. ಶುಗರ್ ಟೆಸ್ಟ್ ಸರಿ ಇದ್ದರೆ ಬೆಲ್ಲ ಹಾಕಿ, ಇಲ್ಲದಿದ್ದರೆ ಉಪ್ಪು ಜೀರಿಗೆ ಹಾಕಿದ್ದು. ಬಿಪಿ ಇದ್ದರೆ ಉಪ್ಪನ್ನೂ ಕಮ್ಮಿ ಮಾಡಿ. ಬಾಟಲಿಯಲ್ಲಿ ಬರೋ ಕಡುಗೆಂಪಿನದ್ದು ಬೇಡ, ಬರೀ ಸಕ್ಕರೆ. ಅತ್ತೆ ಒಣಸಿಪ್ಪೆ ಇಟ್ಟಿದ್ದರೆ ನಾಲ್ಕು ಸಿಪ್ಪೆ ರಾತ್ರಿ ನೀರಲ್ಲಿ ಹಾಕಿಡಿ, ಬೆಳಗ್ಗೆ ಹಿಂಡಿದರೆ ಆಯಿತು. ಕುಡಿಯುವಾಗ ನೈಟಿ ಮೇಲೆ ಚೆಲ್ಲಿಕೊಳ್ಳಬೇಡಿ.